ಜಂಪರ್ ಹೋದ ದಾರಿ

"ಸ್ಕ್ಯಾನ್ ತೆಗೆದ್ರೆ ಅರ್ಧ ತಲೆ ಬರುತ್ತೆ, ಇನ್ನರ್ಧ ಬರೋಕೆ ಒಂದು ನಿಮಿಷ ಕಾಯ್ಬೇಕು. ಏನ್ರೀ ಇದು?"

ಸೋಮವಾರ ಬೆಳಗ್ಗೆ ಒಂಬತ್ತೂಕಾಲಿಗೆ ರೇಡಿಯಾಲಜಿಯ ವೈದ್ಯೆ ಫೋನ್ ಮಾಡಿ ಹೀಗೆ ಕೇಳಿದರು. ಮೈಸೂರಿನವರು. ಚೆನ್ನೈಯ ಎಗ್ಮೋರ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದಾದ ನಮ್ಮ ಆಸ್ಪತ್ರೆಯಲ್ಲಿ ನನ್ನ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದವರು ಇಬ್ಬರೇ. ಅವರಲ್ಲಿ ಒಬ್ಬರು ಈ ವೈದ್ಯೆ, ಇನ್ನೊಬ್ಬರು ನಮ್ಮ ಮ್ಯಾನೇಜರ್. ವೈದ್ಯೆ ಸುಮ್ಮಸುಮ್ಮನೆ ದೂರುವವರಲ್ಲ. ಹಾಗಾಗಿ ಕಾಫಿ ಲೋಟವನ್ನು ಮೇಜಿನ ಮೇಲೇ ಬಿಟ್ಟು ಎದ್ದೆ.

ನಮ್ಮಲ್ಲಿ ಕಂಪ್ಯೂಟರುಗಳು ಒಂದು ಕಟ್ಟಡದಲ್ಲಿ, ಅವು ಓದಿ ಬರೆಯುವ ಡಿಸ್ಕುಗಳು ಇನ್ನೊಂದರಲ್ಲಿ. ಹಳೆಯ ಬ್ಲಾಕಿನ ಮೂರನೆಯ ಮಹಡಿಯಲ್ಲಿ ಸರ್ವರ್‌ಗಳಿವೆ. ಹೊಸ ಬ್ಲಾಕಿನ ಡೇಟಾ ಸೆಂಟರಿನಲ್ಲಿ ಸ್ಟೋರೇಜ್ ಇದೆ. ಆಸ್ಪತ್ರೆ ಈವರೆಗೆ ತೆಗೆದ ಪ್ರತಿಯೊಂದು ಸ್ಕ್ಯಾನೂ ಅದರಲ್ಲೇ ಇರುವುದು. ಎರಡರ ನಡುವೆ ಗಾಜಿನ ಎಳೆಯ ನಾಲ್ಕು ದಾರಿಗಳು. ದಾರಿ ಹಂಚುವ ಎ ಎನ್ನುವ ಸ್ವಿಚ್ಚಿನಿಂದ ಎರಡು, ಬಿ ಎನ್ನುವ ಸ್ವಿಚ್ಚಿನಿಂದ ಎರಡು. ಒಂದು ಸತ್ತರೆ ಉಳಿದ ಮೂರು ಹೊರೆ ಹೊರಬೇಕು ಎನ್ನುವುದು ಲೆಕ್ಕಾಚಾರ. ಅವುಗಳ ನಿಗಾ ನನ್ನ ಕೆಲಸ.

ಸ್ವಿಚ್ಚಿನ ದೋಷದ ಎಣಿಕೆ ತೆಗೆದು ನೋಡಿದರೆ ಎ-ಒಂದರ ಮೇಲೆ, ಅಂದರೆ ಎ ಸ್ವಿಚ್ಚಿನ ಮೊದಲ ದಾರಿಯ ಮೇಲೆ, ಅದು ಏರುತ್ತಿತ್ತು. ಕಳುಹಿಸಿದ ಅಕ್ಷರ ಒಂದು, ತಲುಪಿದ್ದು ಇನ್ನೊಂದು. ದಾರಿ ಪೂರ್ತಿ ಸತ್ತಿದ್ದರೆ ಸರ್ವರ್ ಅದನ್ನು ಬಿಟ್ಟು ಬೇರೆ ಮೂರನ್ನು ಹಿಡಿಯುತ್ತಿತ್ತು. ಅರೆಜೀವದ ದಾರಿಯಲ್ಲಿ ಹಾಗಾಗುವುದಿಲ್ಲ. ಸರ್ವರ್ ಅದನ್ನು ನಂಬಿ ಕೆಲಸ ಕೊಡುತ್ತದೆ, ಉತ್ತರಕ್ಕೆ ಕಾಯುತ್ತದೆ, ಬರದಿದ್ದಾಗ ಮತ್ತೆ ಕೇಳುತ್ತದೆ. ಆ ಕಾಯುವಿಕೆಯೇ ವೈದ್ಯೆಯ ಪರದೆಯ ಮೇಲೆ ಅರ್ಧ ತಲೆಯಾಗಿ ನಿಂತಿತ್ತು.

ದಾರಿಯ ತುದಿಯಲ್ಲಿ ಬೆಳಕು ಹುಟ್ಟಿಸುವ ಪುಟ್ಟ ಮಾಡ್ಯೂಲ್ ಇರುತ್ತದೆ, ಕಿರುಬೆರಳಿನಷ್ಟು. ಇಂಥ ದೋಷಗಳಲ್ಲಿ ಮೊದಲ ಗುಮಾನಿ ಅದರ ಮೇಲೆಯೇ. ಎರಡೂ ತುದಿಯಲ್ಲಿ ಹೊಸದನ್ನು ಹಾಕಿದೆ. ಎಣಿಕೆ ನಿಂತಿತು. ಮಧ್ಯಾಹ್ನದವರೆಗೂ ಸೊನ್ನೆ. ವೈದ್ಯೆಗೆ ಫೋನ್ ಮಾಡಿ, "ಸರಿ ಹೋಯ್ತು ಮೇಡಂ" ಎಂದೆ. ನಾಲ್ಕು ಗಂಟೆಗೆ ಮತ್ತೆ ಏರತೊಡಗಿತು. ಸರಿ ಹೋಯಿತು ಎಂದು ಹೇಳಿದ್ದನ್ನು ವಾಪಸು ತೆಗೆದುಕೊಳ್ಳುವ ಫೋನು ಇದೆಯಲ್ಲ, ನನ್ನ ಕೆಲಸದಲ್ಲಿ ಅದರಷ್ಟು ಕಷ್ಟದ್ದು ಬೇರೆ ಇಲ್ಲ.

ಮಂಗಳವಾರ ತುದಿಯ ವಯರನ್ನೇ ಬದಲಿಸಿದೆ. ಏನೂ ಉಪಯೋಗವಾಗಲಿಲ್ಲ. ಅಂದರೆ ಬೆಳಕು ನಡುವೆ ಎಲ್ಲೋ ಸೋರುತ್ತಿದೆ. ಎಲ್ಲಿ ಎಂದು ತಿಳಿಯಲು ಅಳೆಯಬೇಕು. ಹೊಸ ಬ್ಲಾಕಿನ ತುದಿಯಲ್ಲಿ ಬೆಳಕಿನ ಪೆಟ್ಟಿಗೆ ಜೋಡಿಸಿ ಬಂದು, ಹಳೆಯ ಬ್ಲಾಕಿನಲ್ಲಿ ಮೀಟರ್ ಹಿಡಿದೆ. ಗೋಡೆಯ ಪಕ್ಕದ ಪ್ಯಾನೆಲ್‌ನಲ್ಲಿ ಸಾಲಾಗಿ ಪೋರ್ಟುಗಳಿವೆ. ಪೋರ್ಟಿನಿಂದ ಮೀಟರಿಗೆ ಒಂದು ಗಿಡ್ಡ ವಯರು, ಮೊಳಕ್ಕಿಂತ ಸ್ವಲ್ಪ ಉದ್ದದ್ದು. ಜಂಪರ್ ಎನ್ನುತ್ತೇವೆ. ಎ-ಒಂದರಲ್ಲಿ ಬೆಳಕು ತೀರ ಕಡಿಮೆ. ಆರೋಗ್ಯವಂತ ದಾರಿಯಲ್ಲಿ ಎಷ್ಟಿರುತ್ತದೆ ಎಂದು ಹೋಲಿಸಿ ನೋಡಲು ಬಿ-ಎರಡನ್ನೂ ಆಮೇಲೆ ಎ-ಎರಡನ್ನೂ ಕೊನೆಗೆ ಬಿ-ಒಂದನ್ನೂ ಅಳೆದೆ.

ಒಂದೊಂದೇ ದಾರಿಯನ್ನು ಮ್ಯಾನೇಜರ ಒಪ್ಪಿಗೆ ಪಡೆದು ನಿಲ್ಲಿಸಿದೆ, ಅಳೆದೆ, ಮತ್ತೆ ಜೋಡಿಸಿದೆ, ಉಳಿದ ಮೂರು ನಡೆಯುತ್ತಿವೆ ಎಂದು ಖಾತ್ರಿ ಮಾಡಿಕೊಂಡೇ ಮುಂದಿನದಕ್ಕೆ ಕೈ ಹಾಕಿದೆ. ಯಾರ ಪರದೆಯೂ ನಿಲ್ಲಲಿಲ್ಲ. ಕೆಲಸದ ಪುಸ್ತಕದಲ್ಲಿ ಹೊತ್ತು, ಅಳತೆ ಎಲ್ಲ ಬರೆದಿಟ್ಟೆ. ಬಿ-ಎರಡರ ಅಳತೆ ಹಳೆಯ ದಾಖಲೆಗಿಂತ ಕೊಂಚ ಕೆಳಗಿತ್ತು. ಮೀಟರಿಗೆ ವಯಸ್ಸಾಗಿದೆ ಎಂದುಕೊಂಡೆ. ಇಷ್ಟು ಅಚ್ಚುಕಟ್ಟಾಗಿ ಮಾಡಿದೆನಲ್ಲ ಎಂದು ನನ್ನ ಬಗ್ಗೆ ನನಗೇ ಸಮಾಧಾನವಾಗಿತ್ತು. ಅದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ.

ಎ-ಒಂದರ ಎಳೆ ಒಳಗೆಲ್ಲೋ ಮುರುಟಿರಬೇಕು ಎಂದು ತೀರ್ಮಾನಿಸಿ, ಫೈಬರ್ ಕೆಲಸದ ಹಿರಿಯ ತಂತ್ರಜ್ಞರೊಬ್ಬರಿಗೆ ಹೇಳಿಕಳಿಸಿದೆ. ಪೆರಂಬೂರಿನವರು. ರೈಲ್ವೆಯಲ್ಲಿ ಮೂವತ್ತು ವರ್ಷ ಕೇಬಲ್ ಜೋಡಿಸಿ ನಿವೃತ್ತರಾದವರು. ಬುಧವಾರ ಹತ್ತಕ್ಕೆ ಬರುವುದಾಗಿ ಹೇಳಿದರು.

ಆ ಸಂಜೆ ವೆಸ್ಟ್ ಮಾಂಬಲಂನ ಮನೆಯಲ್ಲಿ ತಟ್ಟೆಯ ಮುಂದೆ ಕೂತು ಫೋನು ನೋಡುತ್ತಿದ್ದೆ. ಎಣಿಕೆ ಏರಿದರೆ ಫೋನಿಗೆ ಸಂದೇಶ ಬರುವಂತೆ ಮಾಡಿಟ್ಟಿದ್ದೆ.

"ಊಟ ಮಾಡಮ್ಮ ನೀನು, ನನಗೆ ಕಾಯ್ಬೇಡ" ಎಂದೆ ಮಗಳಿಗೆ.

"ನೀ ತಾನ್ ಸಾಪ್ಪಿಡಲೆ" ಎಂದಳು. ತಿನ್ನದೆ ಕೂತವಳು ನೀನೇ ಎಂದು ಅರ್ಥ. ಕನ್ನಡದಲ್ಲಿ ಕೇಳಿದರೆ ಅವಳು ಉತ್ತರ ಕೊಡುವುದು ತಮಿಳಿನಲ್ಲೇ. ಫೋನನ್ನು ನನ್ನ ಕೈಯಿಂದ ತೆಗೆದು ಬೋರಲಾಗಿ ಇಟ್ಟಳು. ಅದು ಅಲ್ಲೇ ಗುರ್ರೆಂದಿತು. ತಿರುಗಿಸಿ ನೋಡಿದೆ. ದೋಷ ಮೂರು. ಆದರೆ ಎ-ಒಂದರ ಮೇಲಲ್ಲ, ಬಿ-ಎರಡರ ಮೇಲೆ.

ತಟ್ಟೆ ಪಕ್ಕಕ್ಕೆ ಸರಿಸಿದೆ. ಬಿ ಬದಿಯಲ್ಲಿ ನಾನು ಏನೂ ಬದಲಿಸಿರಲಿಲ್ಲ. ಅಳತೆ ತೆಗೆದದ್ದು ಬಿಟ್ಟರೆ ಏನೂ ಮಾಡಿರಲಿಲ್ಲ. ಈ ಎರಡನೆಯ ವಾಕ್ಯವೂ ಅದೇ ಹೊತ್ತಿಗೆ ಮನಸ್ಸಿಗೆ ಬಂದಿತ್ತು ಎಂಬುದು ನನಗೆ ಚೆನ್ನಾಗಿ ನೆನಪಿದೆ. ಬಂದದ್ದನ್ನು ಅಲ್ಲಿಗೇ ಬಿಟ್ಟೆ.

ಬೆಳಗ್ಗೆ ಲೋಕಲ್ ರೈಲಿನಲ್ಲಿ ನಿಂತೇ ಬಂದೆ. ಕೋಡಂಬಾಕ್ಕಂ ದಾಟುವಾಗ ಬಿ-ಎರಡರ ಮೇಲೆ ನೂರು ದಾಟಿತ್ತು. ಚೇತ್ಪಟ್ ಹೊತ್ತಿಗೆ ಎ-ಎರಡರ ಮೇಲೆ ಏಳೆಂಟು, ಬಿ-ಒಂದರ ಮೇಲೂ ಒಂದೆರಡು. ನಾಲ್ಕು ದಾರಿಗಳಲ್ಲಿ ನಾಲ್ಕಕ್ಕೂ ಜ್ವರ. ಸ್ಟೋರೇಜೇ ಕೆಟ್ಟಿದೆಯೇ, ಎರಡೂ ಸ್ವಿಚ್ಚುಗಳಿಗೆ ಒಟ್ಟಿಗೆ ಏನಾದರೂ ಆಯಿತೇ ಎಂದು ಏನೇನೋ ಯೋಚನೆ. ಯಾವುದೂ ಕೂಡಿ ಬರುತ್ತಿರಲಿಲ್ಲ.

ಮ್ಯಾನೇಜರ್ ಆಗಲೇ ಬಂದಿದ್ದರು. ಅವರ ಮನೆತನ ಮೂರು ತಲೆಮಾರಿನಿಂದ ಮದ್ರಾಸಿನದು. ಹಣೆಯ ಮೇಲೆ ಸಣ್ಣ ನಾಮ, ಬಾಯಲ್ಲಿ ಅರ್ಧ ತಮಿಳು ಬೆರೆತ ಕನ್ನಡ. ಸ್ವಿಚ್ ಕಂಪನಿಯ ಬೆಂಬಲದವರ ಜೊತೆ ಫೋನಿನಲ್ಲಿದ್ದರು.

"ಲಾಗ್ ಕಳ್ಸು ಅಂತಾರೆ ಅಮ್ಮಾ. ನೋಡಿ ಹೇಳೋಕೆ ನಾಲ್ಕು ಗಂಟೆ ಆಗುತ್ತಂತೆ. ಅದುವರೆಗೂ ಯಾವುದನ್ನೂ ಮುಟ್ಟಬೇಡಿ, ಅಪ್ಪಡಿಯೇ, ಹೇಗಿದೆಯೋ ಹಾಗೇ ಇರಲಿ ಅಂತಾರೆ."

ಹತ್ತಕ್ಕೆ ಪೆರಂಬೂರಿನ ತಂತ್ರಜ್ಞರು ಬಂದರು. ಬಟ್ಟೆ ಚೀಲದಿಂದ ಒಂದು ಸ್ಕೋಪ್ ತೆಗೆದರು, ದಪ್ಪ ಪೆನ್ನಿನಂಥದು, ತುದಿಗೆ ಪುಟ್ಟ ಪರದೆ. ಅದನ್ನು ಎ-ಒಂದರ ಪೋರ್ಟಿನೊಳಗೆ ಇಟ್ಟು ನನ್ನನ್ನು ಕರೆದರು. ಮಾತು ತಮಿಳಿನಲ್ಲಿ.

"ಇಲ್ಲಿ ನೋಡಮ್ಮಾ. ಏನು ಕಾಣುತ್ತೆ?"

ಬೂದು ಬಣ್ಣದ ದುಂಡು ಚಂದ್ರ, ಅದರ ನಡುವೆ ಚುಕ್ಕೆ. ಆ ಚುಕ್ಕೆಯೊಳಗೇ ಬೆಳಕು ಹರಿಯುವುದು. ತಲೆಗೂದಲಿಗಿಂತ ಎಷ್ಟೋ ಪಟ್ಟು ತೆಳು. ಅದರ ಮೇಲೆ, ಸುತ್ತ, ಎಲ್ಲೆಲ್ಲೂ ಬಿಳಿ ಪುಡಿ.

"ಜಿಪ್ಸಂ" ಎಂದರು. ತಲೆಯೆತ್ತಿ ಹೊಸ ಸೀಲಿಂಗ್ ನೋಡಿದರು. ತಿಂಗಳ ಹಿಂದೆ ಆ ಕೋಣೆಯ ಸೀಲಿಂಗ್ ಬದಲಿಸಿದ್ದರು. ಜಿಪ್ಸಂ ಹಲಗೆ ಕೊಯ್ದು ಪುಡಿ ಹಾರುವಾಗ ಖಾಲಿ ಪೋರ್ಟುಗಳಲ್ಲಿ ಕೆಲವಕ್ಕೆ ಮುಚ್ಚಳವಿರಲಿಲ್ಲ. ಅಂಥದೊಂದು ಪೋರ್ಟಿಗೆ ನಾವು ಆಮೇಲೆ ಎ-ಒಂದನ್ನು ವರ್ಗಾಯಿಸಿದ್ದೆವು. ಮುರುಟಿದ ಎಳೆಯೂ ಇಲ್ಲ, ಏನೂ ಇಲ್ಲ. ನನಗೆ ಒಂದು ಕ್ಷಣ ಹಗುರವಾಯಿತು.

"ನಿನ್ನೆ ಅಳೆದೆ ಅಂದ್ಯಲ್ಲ, ಆ ಜಂಪರ್ ಕೊಡು" ಎಂದರು.

ಕೊಟ್ಟೆ. ಅದರ ತುದಿಯನ್ನು ಸ್ಕೋಪಿನಲ್ಲಿ ಹಿಡಿದರು. ಅದೇ ಬಿಳಿ ಪುಡಿ.

"ಮೊದಲು ಯಾವ ಪೋರ್ಟಿಗೆ ಹಾಕಿದೆ?"

"ಎ-ಒಂದು."

"ಆಮೇಲೆ?"

"ಬಿ-ಎರಡು. ಎ-ಎರಡು. ಬಿ-ಒಂದು."

"ನಡುವೆ ಒರೆಸಿದ್ಯಾ?"

ಶುರುವಿನಲ್ಲಿ ಒಮ್ಮೆ ಒರೆಸಿದ್ದೆ. ನಡುವೆ ಇಲ್ಲ. ಹಾಗೆಂದೇ ಹೇಳಿದೆ. ಅವರು ಬೈಯಲಿಲ್ಲ, ಜಂಪರನ್ನು ಸುರುಳಿ ಸುತ್ತಿ ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು. ನನ್ನ ಕೈಗೆ ವಾಪಸು ಕೊಡಲಿಲ್ಲ.

ಎರಡು ದಿನ ನಾನು ಹುಡುಕುತ್ತಿದ್ದ ಕಾಯಿಲೆಯನ್ನು ನಾನೇ ಮನೆಮನೆಗೆ ಮುಟ್ಟಿಸಿದ್ದೆ. ಅಳೆದ ಕ್ರಮದಲ್ಲೇ ಪುಡಿ ಕಡಿಮೆಯಾಗುತ್ತಾ ಹೋಗಿತ್ತು. ಎಲ್ಲಕ್ಕಿಂತ ಕೊನೆಗೆ ಅಳೆದ ಬಿ-ಒಂದರ ಮೇಲೆ ಎಲ್ಲಕ್ಕಿಂತ ಕಡಿಮೆ ದೋಷ. ಯಾವುದೂ ಕೂಡಿ ಬರುತ್ತಿಲ್ಲ ಎಂದುಕೊಂಡಿದ್ದೆನಲ್ಲ, ಈಗ ಎಲ್ಲವೂ ಸರಿಯಾಗಿ ಕೂಡಿ ಬಂದಿತ್ತು.

ಮ್ಯಾನೇಜರ ಹತ್ತಿರ ಹೋಗಿ ಹೇಳಿದೆ. "ಸರ್, ಬಿ ಕೆಟ್ಟಿದ್ದು ನನ್ನಿಂದ. ನಿನ್ನೆಯ ಜಂಪರಿನಿಂದ." ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಅಷ್ಟರಲ್ಲಿ ನನ್ನ ಫೋನು ಬಡಿಯಿತು. ರೇಡಿಯಾಲಜಿಯ ವೈದ್ಯೆ.

ಸ್ಕ್ಯಾನ್ ಚಿತ್ರಗಳ ಸರ್ವರ್ ಉತ್ತರವನ್ನೇ ಕೊಡುತ್ತಿಲ್ಲ ಎಂದರು. ಐವತ್ತು ದಾಟಿದ ಗಂಡಸೊಬ್ಬರಿಗೆ ಪಾರ್ಶ್ವವಾಯು, ಎಡಗೈ ಎಡಗಾಲು ಬಿದ್ದುಹೋಗಿದೆ. ಇವತ್ತಿನ ಸ್ಕ್ಯಾನನ್ನು ವೈದ್ಯೆ ಯಂತ್ರದ ಹತ್ತಿರವೇ ಓಡಿ ಹೋಗಿ ನೋಡಿದ್ದರು. ಬೇಕಾದದ್ದು ಹಳೆಯದು.

"ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡ್ಬೇಕು. ಹಿಂದೆ ಯಾವತ್ತಾದ್ರೂ ಮೆದುಳಲ್ಲಿ ರಕ್ತ ಸೋರಿದ್ರೆ ಕೊಡೋ ಹಾಗಿಲ್ಲ. ಎರಡು ವರ್ಷದ ಹಿಂದೆ ತಲೆಗೆ ಏನೋ ಆಗಿ ಇಲ್ಲೇ ಇದ್ರು ಅಂತ ಹೆಂಡತಿ ಹೇಳ್ತಾರೆ. ಏನಾಗಿತ್ತು ಅಂತ ಅವರಿಗೆ ಗೊತ್ತಿಲ್ಲ. ಆ ಸ್ಕ್ಯಾನ್ ನಿಮ್ಮ ಹತ್ರ ಇದೆ. ಸಿಗುತ್ತಾ, ಇಲ್ವಾ?"

ಸಿಗುತ್ತದೆ ಎನ್ನಲು ನಾಲಿಗೆ ತುದಿಗೆ ಬಂದಿತ್ತು. ಸೋಮವಾರವೂ ಹಾಗೆಯೇ ಹೇಳಿದ್ದೆ.

"ಇಪ್ಪತ್ತು ನಿಮಿಷ ಕೊಡಿ ಮೇಡಂ. ಆದರೆ ಖಾತ್ರಿ ಇಲ್ಲ. ಇದನ್ನೇ ನಂಬಿಕೊಂಡು ಕೂರ್ಬೇಡಿ, ಬೇರೆ ದಾರಿಯನ್ನೂ ನೋಡಿ."

"ಸರಿ" ಎಂದರು. "ರೆಕಾರ್ಡ್ ರೂಮಿಗೆ ಕಳಿಸ್ತೀನಿ. ನೀವು ನಿಮ್ಮದು ಮಾಡಿ."

ಸ್ಪೀಕರಿನಲ್ಲಿ ಇದೆಲ್ಲವನ್ನೂ ಮ್ಯಾನೇಜರ್ ಕೇಳಿಸಿಕೊಂಡಿದ್ದರು. ನನಗೆ ತೋಚಿದ್ದನ್ನು ಹೇಳಿದೆ. ತೀರ ಕೊಳೆಯಾದ ಎ-ಒಂದು, ಬಿ-ಎರಡನ್ನು ಈಗಲೇ ಮುಚ್ಚಬೇಕು. ಎ-ಎರಡರ ಮೇಲೆ ಎಲ್ಲ ನಡೆಯುತ್ತಿರುವಾಗ ಬಿ-ಒಂದನ್ನು ಬಿಚ್ಚಿ ಶುಚಿ ಮಾಡಬೇಕು. ಅದು ಸರಿಯಾದ ಮೇಲೆ ಎ-ಎರಡನ್ನೂ ಮುಚ್ಚಿ, ಎಲ್ಲವನ್ನೂ ಬಿ-ಒಂದರ ಮೇಲೆ ಹಾಕಬೇಕು. ಒಂದೇ ದಾರಿ, ಆದರೆ ನಂಬಬಹುದಾದ ದಾರಿ.

"ಎನ್ನಮ್ಮಾ ಇದು! ನಾಲ್ಕು ದಾರಿ ಇಟ್ಟಿರೋದೇ ಒಂದರ ಮೇಲೆ ನಿಲ್ಲಬಾರದು ಅಂತ. ನೀನೇ ಮೂರು ಮುಚ್ತೀನಿ ಅಂತೀಯ. ಶುಚಿ ಮಾಡೋವಾಗ ಆ ಎ-ಎರಡೂ ಬಿದ್ದರೆ?"

"ಬಿದ್ದರೆ ಎಲ್ಲಾ ನಿಲ್ಲುತ್ತೆ ಸರ್. ಡೇಟಾಬೇಸ್ ಎಬ್ಬಿಸೋಕೆ ಸಂಜೆ ಆಗ್ಬಹುದು."

"ಬೆಂಬಲದವರು ಮುಟ್ಟಬೇಡಿ ಅಂದಿದ್ದಾರೆ."

"ಅವರಿಗೆ ಜಂಪರ್ ವಿಷಯ ಗೊತ್ತಿಲ್ಲ ಸರ್. ನನಗೆ ಗೊತ್ತು."

ಅವರು ಪುಸ್ತಕವನ್ನು ನನ್ನತ್ತ ಸರಿಸಿದರು. "ಮಾಡು" ಎಂದರು. "ನಾನು ಹೇಳಿದೆ ಅಂತ ಪುಸ್ತಕದಲ್ಲಿ ಬರಿ. ಹೊತ್ತು ಬರಿ."

ಹನ್ನೊಂದು ಇಪ್ಪತ್ತೆಂಟಕ್ಕೆ ಎ-ಒಂದನ್ನೂ ಬಿ-ಎರಡನ್ನೂ ಮುಚ್ಚಿದೆ. ಕೆಲಸ ಎಷ್ಟು ಸಣ್ಣದೆಂದರೆ ಒಂದೊಂದಕ್ಕೆ ಒಂದು ಸಾಲು ಬೆರಳಚ್ಚು. ಒತ್ತುವ ಮುಂಚೆ ಪೋರ್ಟಿನ ಸಂಖ್ಯೆಯನ್ನು ಬಾಯಿಬಿಟ್ಟು ಓದಿದೆ, ಮ್ಯಾನೇಜರ್ ಅದನ್ನು ಮರಳಿ ಓದಿದರು. ಆಮೇಲೆ ಬಿ-ಒಂದು. ಈಗ ಇಡೀ ಆಸ್ಪತ್ರೆ ಎ-ಎರಡರ ಮೇಲೆ ಜೋತುಬಿದ್ದಿತ್ತು. ಅದರ ದೋಷದ ಎಣಿಕೆ ಹದಿನಾಲ್ಕು.

"ತೆಗೀರಿ" ಎಂದೆ.

ತಂತ್ರಜ್ಞರು ಬಿ-ಒಂದರ ವಯರನ್ನು ಎಳೆದು, ಅದರ ತುದಿಯನ್ನು ಒರೆಸುವ ಪಟ್ಟಿಯ ಮೇಲೆ ಒಂದೇ ದಿಕ್ಕಿಗೆ ಎಳೆದರು. ಪೋರ್ಟಿನೊಳಗೆ ಶುಚಿ ಮಾಡುವ ಕಡ್ಡಿಯನ್ನು ತೂರಿಸಿ ಕ್ಲಿಕ್ ಎನ್ನುವವರೆಗೆ ಒತ್ತಿದರು. ಸ್ಕೋಪ್ ಇಟ್ಟು ನೋಡಿದರು. ತಲೆ ಅಲ್ಲಾಡಿಸಿದರು.

"ಒಂದು ಚೂರು ಅಂಟಿಕೊಂಡಿದೆ. ಒತ್ತಿ ಹಾಕಿದಾಗ ಅರೆದು ಕೂತಿದೆ."

ಎ-ಎರಡು ಹತ್ತೊಂಬತ್ತು. ಇಪ್ಪತ್ತಮೂರು.

"ಹಾಗೇ ಹಾಕಿಬಿಡಿ ಅಣ್ಣಾ, ಸಾಕು" ಎಂದೆ.

"ಇಲ್ಲಮ್ಮಾ" ಎಂದರು ಅವರು, ರೈಲು ಹೊರಡಲು ಇನ್ನೂ ಹೊತ್ತಿದೆ ಎನ್ನುವವರ ಹಾಗೆ. "ನಿನ್ನೆಯೂ ಅವಸರ ಮಾಡಿದ್ದಕ್ಕೇ ಇವತ್ತು ಹೀಗಾಗಿದೆ. ನೋಡ್ಬೇಕು, ಒರೆಸ್ಬೇಕು, ಮತ್ತೆ ನೋಡ್ಬೇಕು. ಆಮೇಲೇ ಹಾಕೋದು."

ಸಣ್ಣ ಬಾಟಲಿಯಿಂದ ದ್ರವದ ಒಂದು ಹನಿಯನ್ನು ಕಡ್ಡಿಗೆ ತಾಗಿಸಿ ಒಳಗೆ ತಿರುಗಿಸಿದರು. ಹಸಿಯಾದದ್ದನ್ನು ಒಣ ಕಡ್ಡಿಯಿಂದ ಮತ್ತೆ ಒರೆಸಿದರು. ಎ-ಎರಡು ಮೂವತ್ತೊಂದು. ಸರ್ವರಿನ ಕಡೆಯಿಂದ ಒಂದು ಎಚ್ಚರಿಕೆ ಬಂತು: ಉತ್ತರಕ್ಕೆ ಕಾಯುತ್ತಿದ್ದೇನೆ. ಇನ್ನು ಮೂವತ್ತು ಸೆಕೆಂಡು ಹೀಗೇ ಕಾದರೆ ಅದು ಸ್ಟೋರೇಜೇ ಇಲ್ಲವೆಂದು ತೀರ್ಮಾನಿಸಿ ಬಾಗಿಲು ಹಾಕಿಕೊಳ್ಳುತ್ತಿತ್ತು. ಮ್ಯಾನೇಜರ್ ಏನೋ ಸಣ್ಣಗೆ ಹೇಳಿಕೊಳ್ಳುತ್ತಿದ್ದರು. ಸ್ತೋತ್ರವೋ ಸೆಕೆಂಡುಗಳ ಎಣಿಕೆಯೋ ತಿಳಿಯಲಿಲ್ಲ.

"ಬಾ, ಈಗ ನೋಡು" ಎಂದು ತಂತ್ರಜ್ಞರು ಸ್ಕೋಪಿನ ಪರದೆಯನ್ನು ನನ್ನತ್ತ ತಿರುಗಿಸಿದರು. ಬೂದು ಚಂದ್ರ, ನಡುವೆ ಚುಕ್ಕೆ. ಬೇರೇನೂ ಇಲ್ಲ.

ವಯರು ಕೂತಿತು. ಬಿ-ಒಂದನ್ನು ತೆರೆದೆ. ಹಸಿರು ದೀಪ. ಎಣಿಕೆಯನ್ನು ಸೊನ್ನೆಗೆ ತಂದು ಅರುವತ್ತು ಸೆಕೆಂಡು ನೋಡಿದೆ. ಸೊನ್ನೆ. ಎ-ಎರಡನ್ನು ಮುಚ್ಚುವಾಗ ಬೆರಳು ಒಂದು ಸಲ ತಪ್ಪಿತು, ಅಳಿಸಿ ಮತ್ತೆ ಬರೆದೆ. ಮ್ಯಾನೇಜರ್ ಓದಿದರು. ಒತ್ತಿದೆ.

ಸರ್ವರ್ ಒಮ್ಮೆ ತಡವರಿಸಿತು. ಆಮೇಲೆ ಬಾಕಿ ಉಳಿದಿದ್ದ ಕೆಲಸವೆಲ್ಲ ಒಂದೇ ಸಮನೆ ಬಿ-ಒಂದರ ಮೇಲೆ ನುಗ್ಗಿತು. ದಾರಿ ತುಂಬಿ ಹರಿಯುತ್ತಿತ್ತು, ನಿಧಾನವಾಗಿತ್ತು, ಆದರೆ ಒಂದು ಅಕ್ಷರವೂ ಕೆಡಲಿಲ್ಲ. ಹನ್ನೊಂದು ನಲವತ್ತೊಂದಕ್ಕೆ ವೈದ್ಯೆಗೆ ಫೋನ್ ಮಾಡಿ, "ಈಗ ತೆಗೆದು ನೋಡಿ" ಎಂದೆ.

ಅತ್ತ ಮೌಸಿನ ಸದ್ದು ಕೇಳುತ್ತಿತ್ತು. ಯಾರೋ ಹಿಂದೆ ರೋಗಿಯ ಹೆಸರು ಕೂಗಿದರು.

"ಬಂತು" ಎಂದರು ವೈದ್ಯೆ. ಮತ್ತೆ ಮೌಸಿನ ಸದ್ದು. "ರಕ್ತ ಸೋರಿತ್ತು. ಇಲ್ಲೇ ಇದೆ." ಫೋನು ಕಟ್ಟಾಯಿತು.

ನಾನು ಕುರ್ಚಿಯ ಮೇಲೆ ಕೂತೆ. ಮಧ್ಯಾಹ್ನದವರೆಗೂ ಬೇರೇನೂ ಮಾಡಲಿಲ್ಲ, ಒಂದೇ ದಾರಿಯ ಸೊನ್ನೆಯನ್ನು ನೋಡುತ್ತಿದ್ದೆ. ಯಾರಾದರೂ ಆ ಪ್ಯಾನೆಲ್ಲಿನ ಪಕ್ಕ ಹಾದರೆ ಎದ್ದು ನಿಲ್ಲುತ್ತಿದ್ದೆ. ತಂತ್ರಜ್ಞರು ಊಟಕ್ಕೂ ಹೋಗದೆ ಮುಚ್ಚಿದ ಮೂರನ್ನೂ ಒಂದೊಂದಾಗಿ ಶುಚಿ ಮಾಡಿ, ಪ್ರತಿಯೊಂದರ ಚಿತ್ರವನ್ನೂ ಸ್ಕೋಪಿನಲ್ಲಿ ತೆಗೆದಿಟ್ಟರು. ನಾಲ್ಕೂವರೆಗೆ ನಾಲ್ಕೂ ದಾರಿ ತೆರೆದವು.

ಗುರುವಾರ ವರದಿ ಬರೆದೆ. ಮ್ಯಾನೇಜರ್ ಓದಿ, ಒರೆಸದ ಜಂಪರಿನ ಬಗ್ಗೆ ಬರೆದ ಸಾಲಿನ ಕೆಳಗೆ ಬೆರಳಿಟ್ಟರು.

"ಕಾರಣ ಅಂತ ಇರೋ ಕಡೆ ಧೂಳು ಅಂತ ಬರಿ, ಪೋದುಂ, ಅಷ್ಟು ಸಾಕು. ಸೀಲಿಂಗ್ ಕೆಲಸದ ಧೂಳು. ಸುಳ್ಳೇನಲ್ಲವಲ್ಲ."

"ಎ-ಒಂದಕ್ಕೆ ಅದು ನಿಜ ಸರ್. ಬಿಗೆ ಅದು ತಾನಾಗಿ ನಡ್ಕೊಂಡು ಹೋಗ್ಲಿಲ್ಲ."

"ನಿನ್ನ ಫೈಲಲ್ಲಿ ಇರುತ್ತೆ, ಯೋಚನೆ ಮಾಡು."

ಯೋಚನೆ ಮಾಡಿದ್ದೆ. ಅದನ್ನು ಬರೆಯದಿದ್ದರೆ ಮುಂದೆ ಆ ಪುಸ್ತಕ ಓದುವವರು ಸೀಲಿಂಗಿನವರನ್ನು ಬೈದುಕೊಂಡು, ನನ್ನ ಹಾಗೆಯೇ ಒಂದು ಜಂಪರ್ ಹಿಡಿದು ನಾಲ್ಕೂ ಪೋರ್ಟು ಅಳೆಯುತ್ತಾರೆ. ಸಾಲು ಹಾಗೇ ಉಳಿಯಿತು. ಅವರು ಸಹಿ ಹಾಕಿದರು. ಪ್ಯಾನೆಲ್ ಕಪಾಟಿನ ಬೀಗದಕೈಯನ್ನು ನನ್ನಿಂದ ತೆಗೆದುಕೊಂಡು ತಮ್ಮ ಡ್ರಾಯರಿನಲ್ಲಿಟ್ಟರು. ಇಬ್ಬರಿಲ್ಲದೆ ಯಾರೂ ತೆರೆಯುವಂತಿಲ್ಲ ಎಂದು ನಿಯಮವಾಯಿತು. ನನಗೆ ಅವಮಾನವಾಯಿತು. ನಿಯಮ ಸರಿಯಾಗಿಯೇ ಇತ್ತು.

ವರದಿ ವೈದ್ಯೆಯ ಕೈಗೆ ಹೋಗುವುದಿಲ್ಲ. ಅವರಿಗೆ ಹೇಳಬೇಕಾದ ಅಗತ್ಯವೂ ಇರಲಿಲ್ಲ. ಆದರೂ ಶುಕ್ರವಾರ ಊಟದ ಹೊತ್ತಿಗೆ ಅವರ ಕತ್ತಲೆ ಕೋಣೆಗೆ ಹೋದೆ. ಪರದೆಯ ಮೇಲೆ ಯಾರದೋ ಬೆನ್ನುಮೂಳೆ ಇತ್ತು. ಆ ರೋಗಿ ಹೇಗಿದ್ದಾರೆ ಎಂದು ಕೇಳಿದೆ. ಇಂಜೆಕ್ಷನ್ ಬಿಟ್ಟು, ತೊಡೆಯ ರಕ್ತನಾಳದಿಂದ ನಳಿಕೆ ತೂರಿಸಿ ಹೆಪ್ಪನ್ನು ಎಳೆದು ತೆಗೆದರಂತೆ. ಕಾಲು ಆಡಿಸುತ್ತಿದ್ದಾರೆ, ಕೈ ಇನ್ನೂ ಇಲ್ಲ ಎಂದರು.

"ಬುಧವಾರ ಎಲ್ಲಾ ನಿಂತಿದ್ದು ನನ್ನಿಂದ ಮೇಡಂ" ಎಂದೆ. ಜಂಪರ್, ಪೋರ್ಟು, ಪುಡಿ ಎಲ್ಲವನ್ನೂ ಹೇಳಿದೆ. ಅವರು ಕುರ್ಚಿ ತಿರುಗಿಸಿ ಕೇಳಿಸಿಕೊಂಡರು.

"ಅಂದ್ರೆ ಕಾಯಿಲೆಯವರನ್ನ ಮುಟ್ಟಿ, ಕೈ ತೊಳೀದೆ ಪಕ್ಕದ ಬೆಡ್ಡಿಗೆ ಹೋದ್ರಿ."

"ಹೌದು."

ಪರವಾಗಿಲ್ಲ ಬಿಡಿ ಎನ್ನುತ್ತಾರೆಂದು ಕಾದೆ. ಹಾಗೆನ್ನಲಿಲ್ಲ.

"ನಾವೂ ಹೋಗಿದೀವಿ" ಎಂದರು. "ಅದಕ್ಕೇ ಪ್ರತಿ ವಾರ್ಡಿನ ಬಾಗಿಲಲ್ಲೂ ಒಂದು ಸಿಂಕ್ ಇಟ್ಟಿರೋದು. ಗೊತ್ತಿಲ್ಲದೋರಿಗೆ ಅಂತಲ್ಲ, ಗೊತ್ತಿರೋರಿಗೆ ಅಂತ."

ಆಮೇಲೆ ಪರದೆಯ ಕಡೆ ತಿರುಗಿ, ಬೆನ್ನುಮೂಳೆಯ ಒಂದೊಂದು ಗಂಟನ್ನೂ ಎಣಿಸತೊಡಗಿದರು.